ಪ್ಯಾರಿಸ್ ಪಾರಿವಾಳ

ಫಿಲಡೆಲ್ಫಿಯಾದ ನಮ್ಮ ಬಣ್ಣದ ಕೋಣೆಗೆ ಶೋಕದ ಕರಿ ಬಟ್ಟೆ ತೊಟ್ಟು ಬರುವಂತಿರಲಿಲ್ಲ. ನಮ್ಮ ಹೆಂಗಸರ ಪತ್ರಿಕೆಯ ಯಜಮಾನರು ಆಗಾಗ ದೊಡ್ಡ ಮನೆತನದ ಹೆಂಗಸರನ್ನು ಮಹಡಿಗೆ ಕರೆತಂದು, ನಾವು ಫ್ಯಾಷನ್ ಚಿತ್ರಗಳಿಗೆ ಬಣ್ಣ ತುಂಬುವುದನ್ನು ತೋರಿಸುತ್ತಿದ್ದರು. ಬಂದವರ ಕಣ್ಣಿಗೆ ಸಾವು ಬೀಳಬಾರದೆಂದು ಅವರ ಕಟ್ಟಪ್ಪಣೆ. ಪತ್ರಿಕೆಯಲ್ಲೂ ಅಷ್ಟೇ. ದೇಶ ಎರಡು ಹೋಳಾಗಿ ಹೊಡೆದಾಡಿಕೊಳ್ಳುತ್ತಿತ್ತು, ನಮ್ಮ ಓಣಿಯಲ್ಲೇ ಸಾವಿನ ಸುದ್ದಿ ಬಂದು ಎಷ್ಟೋ ಮನೆಗಳ ಕಿಟಕಿ ಮುಚ್ಚಿದ್ದವು. ನಮ್ಮ ಪತ್ರಿಕೆ ಮಾತ್ರ ಹಣ್ಣಿನ ಜೆಲ್ಲಿ ಗಟ್ಟಿಯಾಗಲು ಏನು ಮಾಡಬೇಕು, ಗಂಡ ಮನೆಗೆ ಬಂದಾಗ ಹೆಂಡತಿಯ ಮುಖ ಹೇಗಿರಬೇಕು ಎಂದು ಪಾಠ ಹೇಳುತ್ತಿತ್ತು. ಓದಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಉದ್ದನೆಯ ಮೇಜಿನ ಸುತ್ತ ಕೂತ ನಮಗೆ ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಹಾಳೆ ಕೈಯಿಂದ ಕೈಗೆ ಹೋಗುತ್ತಿತ್ತು. ಓರ್ಫಾ ರೆನ್ಶಾ ನಿಲುವಂಗಿಗೆ ಗುಲಾಬಿ ಹಚ್ಚಿದರೆ ನಾನು ಸೊಂಟಪಟ್ಟಿಗೆ ನೀಲಿ ಹಚ್ಚುತ್ತಿದ್ದೆ. ಬಣ್ಣ ತೀರಿದರೆ ಸಿಕ್ಕಿದ್ದನ್ನು ಬಳಿಯುವುದೂ ಇತ್ತು. ಹಾಗಾಗಿ ಅಕ್ಕಪಕ್ಕದ ಮನೆಯವರ ಪತ್ರಿಕೆಗಳಲ್ಲಿ ಒಂದೇ ಉಡುಪು ಒಬ್ಬಳಿಗೆ ಹಸಿರು, ಇನ್ನೊಬ್ಬಳಿಗೆ ಕಂದು. ದೂರು ಬಂದರೆ ಯಜಮಾನರು, ಓದುಗರು ತಮ್ಮ ಮೈಬಣ್ಣಕ್ಕೆ ಒಪ್ಪುವುದನ್ನು ಆರಿಸಿಕೊಳ್ಳಲೆಂದೇ ಹೀಗೆ ಮಾಡಿದ್ದೇವೆ ಎಂದು ಅಚ್ಚು ಹಾಕಿಸುತ್ತಿದ್ದರು. ಆ ಮನುಷ್ಯನಿಗೆ ಸುಳ್ಳಿಗೇನೂ ಬರಗಾಲವಿರಲಿಲ್ಲ.

ಆ ಚಳಿಗಾಲದಲ್ಲಿ ಓರ್ಫಾಳ ಒಬ್ಬನೇ ಮಗ ಐರಾ ವರ್ಜೀನಿಯಾದ ಕಾಳಗದಲ್ಲಿ ಸತ್ತ. ಹೆಣ ಬರಲಿಲ್ಲ. ಸತ್ತವರನ್ನೆಲ್ಲ ಅಲ್ಲೇ ಒಂದು ಗುಂಡಿಗೆ ಹಾಕಿದರಂತೆ. ಹೆಣವೇ ಇಲ್ಲದ ಮೇಲೆ ಪೆಟ್ಟಿಗೆ ಹೊರುವವರಿಲ್ಲ, ಹಿಂದೆ ನಡೆಯುವವರಿಲ್ಲ, ಮನೆಗೆ ಬಂದು ಕೈ ಹಿಡಿದು ಎರಡು ಮಾತಾಡುವವರೂ ಇಲ್ಲ. ಅವಳಿಗೆ ಉಳಿದದ್ದು ಕರಿ ಬಟ್ಟೆಯೊಂದೇ. ಇದ್ದುದರಲ್ಲಿ ಒಳ್ಳೆಯ ಉಡುಪನ್ನು ಅಡುಗೆಮನೆಯ ಹಂಡೆಯಲ್ಲಿ ಅದ್ದಿ ಕಪ್ಪು ಮಾಡಿ, ಬಣ್ಣ ಹತ್ತಿದ ಬೆರಳುಗಳಲ್ಲೇ ಕೆಲಸಕ್ಕೆ ಬಂದಳು.

ಮೇಲ್ವಿಚಾರಕಿ ಮಿಸೆಸ್ ಟಿಬೆಟ್ ಬಾಗಿಲಲ್ಲೇ ತಡೆದಳು. ಆಕೆ ಕೆಟ್ಟವಳಲ್ಲ, ಹೆದರುಪುಕ್ಕಲಿ. ಬದಲಾಯಿಸಿಕೊಂಡು ಬಾ, ಇಲ್ಲದಿದ್ದರೆ ಬರಲೇಬೇಡ ಎಂದು ನೆಲ ನೋಡುತ್ತಾ ಹೇಳಿದಳು. ಓರ್ಫಾಳ ಗಂಡ ಹಾಸಿಗೆ ಹಿಡಿದು ಬಹಳ ಕಾಲವಾಗಿತ್ತು. ಆ ಮನೆಯ ಒಲೆ ಉರಿಯುತ್ತಿದ್ದದ್ದು ಅವಳ ದುಡಿಮೆಯಿಂದ. ಮಧ್ಯಾಹ್ನದ ಹೊತ್ತಿಗೆ ಹಳೆಯ ಕಂದು ಉಡುಪಿನಲ್ಲಿ ಬಂದು ಕೂತು ಗುಲಾಬಿ ಬಟ್ಟಲನ್ನು ಎಳೆದುಕೊಂಡಳು.

ಕೆಲವು ದಿನ ಹಾಗೇ ನಡೆಯಿತು. ಒಂದು ಬೆಳಿಗ್ಗೆ ಅವಳಿಂದ ನನಗೆ ಬಂದ ಹಾಳೆಯಲ್ಲಿ ನಿಲುವಂಗಿ ಗುಲಾಬಿಯಾಗಿರಲಿಲ್ಲ. ಅದು ವಸಂತದ ಸಂಚಿಕೆಯ ಚಿತ್ರ. ತೋಟದಲ್ಲಿ ಕೊಡೆ ಹಿಡಿದು ನಗುತ್ತಾ ನಿಂತ ಹೆಂಗಸಿಗೆ ಓರ್ಫಾ ಬೂದು ಬಣ್ಣ ಹಚ್ಚಿದ್ದಳು. ಬರಿಯ ಬೂದಲ್ಲ, ತುಸು ನೇರಳೆ ಬೆರೆತದ್ದು, ಶೋಕದ ಕಪ್ಪನ್ನು ಕಳಚಿದವರು ಮೊದಲು ತೊಡುವ ಬಣ್ಣ. ಅವಳ ಮುಖ ನೋಡಿದೆ. ಅವಳು ತಲೆಯೆತ್ತಲಿಲ್ಲ. ಇನ್ನೊಂದು ಹಾಳೆ ಬಂತು, ಅದೂ ಬೂದು. ನಾನು ನೀಲಿ ಪಟ್ಟಿ ಹಚ್ಚಿ ಮುಂದಕ್ಕೆ ತಳ್ಳಿದೆ. ಪಕ್ಕದವಳು ಒಮ್ಮೆ ನನ್ನನ್ನು, ಒಮ್ಮೆ ಓರ್ಫಾಳನ್ನು ನೋಡಿ, ಕೂದಲಿಗೆ ಕಂದು ಹಚ್ಚಿ ತಾನೂ ತಳ್ಳಿದಳು. ಬೂದು ಹಾಳೆಗಳು ಮೇಜಿನ ಕೊನೆಯವರೆಗೂ ಸಾಗಿದವು.

ಊಟದ ಹೊತ್ತಿಗೆ ಒಣಗಿದ ರಾಶಿಯನ್ನು ತಿರುವಿದ ಮಿಸೆಸ್ ಟಿಬೆಟ್ ಬಿಳುಚಿಕೊಂಡಳು.

"ಗುಲಾಬಿ ಎಲ್ಲಿ ಹೋಯ್ತು, ಓರ್ಫಾ?"

"ಬಟ್ಟಲಲ್ಲೇ ಇದೆ, ಅಮ್ಮಾವ್ರೇ. ಕೈಗೆ ಬರ್ತಿಲ್ಲ."

"ಕೆಲ್ಸ ಹೋಗುತ್ತೆ ಅಂತ ಗೊತ್ತಿತ್ತಲ್ವಾ ನಿಂಗೆ?"

"ಗೊತ್ತಿತ್ತು. ಮೈಮೇಲೆ ಹಾಕ್ಕೋಬೇಡ ಅಂದ್ರಿ. ಎಲ್ಲಾದ್ರೂ ಹಾಕ್ಬೇಕಲ್ಲ, ಹೆತ್ತೋಳು ನಾನು."

ನೀರುಬಣ್ಣವಾದ್ದರಿಂದ ಬೂದಿನ ಮೇಲೆ ಗುಲಾಬಿ ಹಚ್ಚಿದರೆ ಕೆಸರಾಗುತ್ತದೆ. ಅಷ್ಟನ್ನೂ ಎಸೆಯಬೇಕು, ಇಲ್ಲವೇ ಹಾಗೇ ಕಳಿಸಬೇಕು. ಮಿಸೆಸ್ ಟಿಬೆಟ್ ಯಜಮಾನರನ್ನು ಕರೆಸಿದಳು. ಅವರು ಬರುವಷ್ಟರಲ್ಲಿ ಓರ್ಫಾ ತನ್ನ ಕುಂಚಗಳನ್ನು ತೊಳೆದು ಬಟ್ಟೆಯಲ್ಲಿ ಸುತ್ತಿಟ್ಟುಕೊಂಡಿದ್ದಳು.

ಯಜಮಾನರು ಒಂದು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಯಾರು ಮಾಡಿದ್ದು, ಯಾಕೆ ಮಾಡಿದ್ದು, ಒಂದನ್ನೂ ಕೇಳಲಿಲ್ಲ. ಚೆನ್ನಾಗಿದೆಯಲ್ಲ ಎಂದರು. ಇದು ಪ್ಯಾರಿಸ್ಸಿನಿಂದ ಈಗಷ್ಟೇ ಬಂದ ಬಣ್ಣವೆಂದು ವಿವರಣೆಯಲ್ಲಿ ಬರೆಯಿಸಿ, 'ಪ್ಯಾರಿಸ್ ಪಾರಿವಾಳ' ಅಂತ ಹೆಸರು ಹಾಕಿ, ಉಳಿದ ಹಾಳೆಗಳಿಗೂ ಇದನ್ನೇ ಬಳಿಯಿರಿ ಎಂದು ಹೇಳಿ ಕೆಳಗಿಳಿದುಹೋದರು.

ಓರ್ಫಾಳ ಕೆಲಸ ಉಳಿಯಿತು. ನಾನು ಸಂತೋಷಪಡಬೇಕಿತ್ತು. ಆದರೆ ನೀಲಿ ಬಟ್ಟಲನ್ನು ಆ ಮನುಷ್ಯನ ಬೆನ್ನಿಗೆ ಎಸೆಯಬೇಕೆನ್ನಿಸಿತು. ಹೊಟ್ಟೆಪಾಡನ್ನೇ ಪಣಕ್ಕಿಟ್ಟು ಅವಳು ಮಗನಿಗಾಗಿ ಮಾಡಿದ್ದನ್ನು ಆತ ನಿಂತ ನಿಲುವಿನಲ್ಲೇ ಸರಕು ಮಾಡಿದ್ದ. ಓರ್ಫಾ ಮಾತ್ರ ಕುಂಚಗಳನ್ನು ಬಿಚ್ಚಿಕೊಂಡು, ಎಲ್ಲರಿಗೂ ಸಾಲುವಷ್ಟು ಬೂದು ಕಲೆಸಿದಳು.

ಮೇ ತಿಂಗಳ ಒಂದು ಭಾನುವಾರ ಚರ್ಚಿನಿಂದ ನಾವಿಬ್ಬರೂ ಚೆಸ್ನಟ್ ಬೀದಿಯಲ್ಲಿ ಬರುತ್ತಿದ್ದೆವು. ಬಿಸಿಲು ಚೆನ್ನಾಗಿತ್ತು. ಎತ್ತ ನೋಡಿದರೂ ಅದೇ ಬೂದು. ಹೆಂಗಸರು ನಮ್ಮ ಚಿತ್ರದ ನೀಲಿ ಪಟ್ಟಿಯನ್ನೂ ಬಿಡದೆ ಹೊಲಿಸಿಕೊಂಡಿದ್ದರು. ಗಂಡಂದಿರ ತೋಳು ಹಿಡಿದು, ಅಗಲದ ಲಂಗ ಅಲ್ಲಾಡಿಸುತ್ತಾ ನಗುತ್ತಾ ಹೋಗುತ್ತಿದ್ದರು.

"ನೋಡು ಈ ಬಿನ್ನಾಣಗಿತ್ತಿಯರನ್ನ," ಎಂದೆ. "ಏನು ಹಾಕ್ಕೊಂಡಿದೀವಿ ಅನ್ನೋ ಪರಿವೆ ಇದೆಯಾ ಇವ್ರಿಗೆ?"

"ಬೈಬೇಡ ಕಣೇ," ಎಂದಳು ಓರ್ಫಾ. "ಐರಾನ ಮಣ್ಣಿಗೆ ಒಬ್ರೂ ಬರ್ಲಿಲ್ಲ. ಈಗ ನೋಡು, ಎಷ್ಟು ಜನ ಬಂದಿದಾರೆ."

ಅಷ್ಟರಲ್ಲಿ ಅದೇ ಬೂದು ತೊಟ್ಟ ಒಬ್ಬ ಎಳೆಯ ಹೆಂಗಸು ನಮ್ಮನ್ನು ದಾಟಿ ಹೋಗುತ್ತಿದ್ದಳು. ಓರ್ಫಾ ಅವಳನ್ನು ತಡೆದು, ಸಾವಿನ ಮನೆಯ ಬಾಗಿಲಲ್ಲಿ ನಿಂತವರು ಹಿಡಿಯುವಂತೆ ಅವಳ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

"ಬಂದಿದ್ದಕ್ಕೆ ಉಪಕಾರವಾಯ್ತು, ತಾಯಿ."

ಆಕೆ ಗಲಿಬಿಲಿಗೊಂಡು ತನ್ನ ಲಂಗವನ್ನು ನೋಡಿಕೊಂಡಳು. ಉಡುಪನ್ನು ಹೊಗಳಿದಳೆಂದುಕೊಂಡು ಮುಖ ಅರಳಿಸಿದಳು.

"ಓ, ಇದಾ? ಪ್ಯಾರಿಸ್ ಪಾರಿವಾಳ. ಇನ್ನೊಂದು ತಿಂಗ್ಳು ಅಷ್ಟೇ, ಆಮೇಲೆ ಯಾರೂ ಹಾಕ್ಕೊಳಲ್ಲ."

"ಗೊತ್ತು, ತಾಯಿ," ಎಂದಳು ಓರ್ಫಾ. ಕೈಯನ್ನು ಮಾತ್ರ ಬಿಡಲಿಲ್ಲ.