ಮಂಗಳವಾರದ ವಿಮಾನ

ವರದಮೂಲದ ಶಂಭು ಭಟ್ಟರಿಗೆ ಹೈದರಾಬಾದಿನ ಟಿಕೆಟ್ ಸಿಕ್ಕಿದ್ದು ಮಂಗಳವಾರಕ್ಕೆ. ಅಲ್ಲಿ ಮಗಳ ಸೀಮಂತ ಮರುದಿನ ಬೆಳಿಗ್ಗೆ. ಭಟ್ಟರು ಮಂಗಳವಾರ ಮನೆ ಬಿಟ್ಟು ಹೊರಡುವವರಲ್ಲ. ಆದರೆ ವಿಮಾನ ಕಂಪನಿಗಳು ಪಂಚಾಂಗ ನೋಡುವುದಿಲ್ಲ. ಹಾಗಾಗಿ ಸೋಮವಾರವೇ ಒಳ್ಳೆಯ ಹೊತ್ತು ನೋಡಿ ಬ್ಯಾಗನ್ನು ಪಕ್ಕದ ಮನೆಯ ಕಮಲಕ್ಕನ ಜಗಲಿಯಲ್ಲಿ ಪ್ರಸ್ಥಾನ ಇಟ್ಟರು. ಬ್ಯಾಗ್ ಹೊರಟರೆ ಯಜಮಾನ ಹೊರಟಂತೆಯೇ ಲೆಕ್ಕ.

ಶಿವಮೊಗ್ಗದ ವಿಮಾನ ನಿಲ್ದಾಣದಲ್ಲಿ ಕೌಂಟರಿನ ಹುಡುಗಿ ನಗುತ್ತಾ ಕೇಳಿದಳು: “ಬ್ಯಾಗ್ ಬೇರೆ ಯಾರ ಹತ್ರನೂ ಇರ್ಲಿಲ್ಲ ಅಲ್ವಾ ಸರ್?”

“ನಿನ್ನೆಯಿಂದ ಪಕ್ಕದ್ಮನೇಲಿತ್ತು,” ಎಂದರು ಭಟ್ಟರು.

ಹುಡುಗಿಯ ನಗು ನಿಂತಿತು. ಭದ್ರತೆಯವರು ಬಂದರು.

“‘ಯಾರ ಹತ್ರನೂ ಇರ್ಲಿಲ್ಲೆ’ ಅಂದಿದ್ರೆ ಎಂತ ಆಗ್ತಿತ್ತು?” ಹೆಂಡತಿ ಲಕ್ಷ್ಮೀ ಪಿಸುಗುಟ್ಟಿದರು. “ಇವತ್ತಿಗೆ ಇದೊಂದೇ ವಿಮಾನ. ತಪ್ಪಿದ್ರೆ ಸೀಮಂತ ಮೊಬೈಲಲ್ಲಿ ನೋಡಿ!”

“ಶುಭಕಾರ್ಯಕ್ಕೆ ಹೊರಟು ಸುಳ್ಳು ಹೇಳೋದಾ?”

ಬ್ಯಾಗ್ ಬಿಚ್ಚಿದಾಗ ಸೀರೆಗಳ ನಡುವೆ ಇವರು ಇಡದ ಒಂದು ಪೊಟ್ಟಣ ಸಿಕ್ಕಿತು. ಲಕ್ಷ್ಮೀ ಬಗ್ಗಿ ಮೂಸಿ ನೋಡಿ, “ಕಮಲಕ್ಕನ ಹಲಸಿನ ಹಪ್ಪಳ. ಬಸುರಿಗೆ ಅಂತ ಇಟ್ಟಿದ್ದು. ಒಂದ್ ಮಾತು ಹೇಳಿದ್ದಿಲ್ಲೆ!” ಎಂದರು.

ಹಪ್ಪಳ ಯಂತ್ರದೊಳಗೆ ಹೋಗಿ ನಿರ್ದೋಷಿಯಾಗಿ ಹೊರಬಂತು. ಬೋರ್ಡಿಂಗ್ ಪಾಸ್ ಕೈಗೆ ಸಿಕ್ಕಿದ ಮೇಲೂ ಭಟ್ಟರು ಕೌಂಟರ್ ಬಿಟ್ಟು ಕದಲಲಿಲ್ಲ.

“ಅಲ್ಲ ತಂಗಿ, ಇನ್ನೊಂದ್ಸಲ ಮಂಗಳವಾರವೇ ಹೊರಡೋದಾದ್ರೆ, ಸೋಮವಾರ ಬ್ಯಾಗ್ ತಂದು ನಿಮ್ಮ ಹತ್ರಾನೇ ಇಟ್ಟು ಹೋಗಬಹುದಾ?”