ರೊಟ್ಟಿ ಹೊತ್ತ ಕಾರು

ರೇವಣ ತಂತಿಯ ನೂರಾ ಹನ್ನೊಂದನೆಯ ಸುತ್ತು ಸುತ್ತುತ್ತಿದ್ದಾಗ ಮಾಳಿಂಗರಾಯನ ಬಿಳಿ ಕಾರು ಅಂಗಡಿಯ ಮುಂದೆ ಹಾದುಹೋಯಿತು. ರೇವಣನ ಲೆಕ್ಕ ತಪ್ಪಿತು. ಕಮಲಾಪುರದ ಬಸ್ ನಿಲ್ದಾಣದ ಎದುರಿಗೆ, ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತಿಕೊಡುವ ಅಂಗಡಿ ಅವನದು. ಇಪ್ಪತ್ತು ವರ್ಷ ಸುತ್ತಿ ಪಳಗಿದ ಕೈ, ಸುಮ್ಮನೆ ಒಂದು ಕಾರು ಹೋದದ್ದಕ್ಕೆ ತಪ್ಪುವಂಥದಲ್ಲ. ಆ ಕಾರಿನ ಮುಂದಿನ ಸೀಟಿನಲ್ಲಿ, ಮಾಳಿಂಗರಾಯನ ಮಗ್ಗುಲಿಗೆ, ರೇವಣನ ಅತ್ತೆ ಕಸ್ತೂರಿಬಾಯಿ ಕೂತಿದ್ದಳು. ಕೂತದ್ದಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದ. ಅವಳು ಕೈಯಾಡಿಸಿ ಏನೋ ಹೇಳುತ್ತಿದ್ದಳು, ಮಾಳಿಂಗರಾಯ ಹಲ್ಲು ಕಾಣುವಂತೆ ನಗುತ್ತಿದ್ದ.

ಮಾಳಿಂಗರಾಯ ಅವನ ಷಡ್ಡಕ, ಹೆಂಡತಿಯ ತಂಗಿ ಭಾಗ್ಯಜ್ಯೋತಿಯ ಗಂಡ. ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡ ಗಂಡಸರು ಒಬ್ಬರನ್ನೊಬ್ಬರು ಕಂಡು ಕರುಬುವುದು ಹೊಸದಲ್ಲ. ಆದರೆ ರೇವಣನದು ಮೂರು ತಿಂಗಳಿಂದ ಊಟ ಸೇರದಂಥ ಹೊಟ್ಟೆಕಿಚ್ಚು. ಸುತ್ತಿದ ತಂತಿಯನ್ನೆಲ್ಲ ಬಿಚ್ಚಿ ಮತ್ತೆ ಒಂದರಿಂದ ಶುರುಮಾಡಿದ. ಮೋಟಾರಿಗಾಗಿ ಕಾಯುತ್ತಿದ್ದ ರೈತ ಬೀಡಿ ಆರಿಸಿ, ನಾಳೆ ಬರುತ್ತೇನೆಂದು ಎದ್ದುಹೋದ.

ಅವರ ಮನೆತನದಲ್ಲಿ ಅತ್ತೆಯಾದವಳು ಅಳಿಯನ ಎದುರಿಗೆ ಬರುವುದೇ ಅಪರೂಪ. ಬಂದರೂ ತಲೆಯ ಮೇಲೆ ಸೆರಗು, ಮಾತೇನಿದ್ದರೂ ಮಗಳ ಬಾಯಿಂದ. ರೇವಣನ ಕಾರಿನಲ್ಲಿ ಆರು ವರ್ಷ ಓಡಾಡಿದ ಕಸ್ತೂರಿಬಾಯಿ ಒಂದು ದಿನವೂ ಮುಂದೆ ಕೂತವಳಲ್ಲ. ಹಿಂದಿನ ಸೀಟಿನ ಎಡಮೂಲೆ ಅವಳದು. ದಾರಿ ಹೇಳಬೇಕಾದರೆ "ಇಲ್ಲಿ ಎಡಕ್ಕ ಹೋಗಬೇಕಂತ ಕಾಣ್ತದ" ಎಂದು ಕಿಟಕಿಗೆ ಹೇಳುತ್ತಿದ್ದಳು. ಅಳಿಯ ಎಡಕ್ಕೆ ತಿರುಗಿಸುತ್ತಿದ್ದ. ಹಿರಿಯಳಿಯನೆಂಬ ಆ ಮರ್ಯಾದೆ ರೇವಣನಿಗೆ ಬೆಲ್ಲದಷ್ಟು ಸಿಹಿಯಾಗಿತ್ತು.

ಕಸ್ತೂರಿಬಾಯಿಯದು ರೊಟ್ಟಿಯ ವ್ಯಾಪಾರ. ಗಂಡ ಸತ್ತ ಮೇಲೆ ಓಣಿಯ ಎಂಟು ಹೆಂಗಸರನ್ನು ಕೂಡಿಸಿಕೊಂಡು, ಜೋಳದ ಖಡಕ್ ರೊಟ್ಟಿ ಬಡಿದು, ವಾರಕ್ಕೆ ಮೂರು ದಿನ ಕಲಬುರಗಿಗೆ ಒಯ್ಯುತ್ತಿದ್ದಳು. ಜೇವರ್ಗಿ ಕಾಲೋನಿಯಲ್ಲಿ ಒಂದು ಮೆಸ್ಸು, ನೆಹರು ಗಂಜಿನ ಪೇಟೆಯಲ್ಲಿ ಎರಡು ಅಂಗಡಿ. ಹೆಸರಿಗೆ ಖಡಕ್ ರೊಟ್ಟಿ, ಆದರೆ ಬಸ್ಸಿನ ಒಂದು ನೂಕಾಟಕ್ಕೆ ಹಪ್ಪಳದಂತೆ ಪುಡಿ. ಕಾರಿನ ಸೀಟಿನ ಮೇಲೆ ಗೋಣಿ ಹಾಸಿ, ಕಟ್ಟುಗಳನ್ನು ಸಾಲಾಗಿ ಇಟ್ಟು ಒಯ್ದರೆ ಒಂದೂ ಒಡೆಯುತ್ತಿರಲಿಲ್ಲ. ಅಳಿಯ ಬಾ ಎನ್ನಿಸಿಕೊಳ್ಳದೆ ಬೆಳಿಗ್ಗೆ ಒಂಬತ್ತಕ್ಕೆ ಅವಳ ಬಾಗಿಲಿಗೆ ಕಾರು ತರುತ್ತಿದ್ದ. ಪೆಟ್ರೋಲಿನ ಮಾತು ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಅತ್ತೆಯ ಕೈಯಿಂದ ದುಡ್ಡು ಇಸಿದುಕೊಂಡವನನ್ನು ಊರು ಗಂಡಸರ ಲೆಕ್ಕಕ್ಕೆ ಹಿಡಿಯುವುದಿಲ್ಲವೆಂದು ರೇವಣ ನಂಬಿದ್ದ.

ಆದರೆ ಪೆಟ್ರೋಲ್ ಯಾರ ಅಳಿಯತನವನ್ನೂ ನೋಡುವುದಿಲ್ಲ. ಸೆಕೆಂಡ್ ಹ್ಯಾಂಡಿನಲ್ಲಿ ಆ ಕಾರು ಕೊಂಡಾಗಿನ ದರ ಈಗ ಕಥೆಯ ಮಾತು. ಲೀಟರಿಗೆ ನೂರು ದಾಟಿದ ದಿನ ಬೈದ. ಆಮೇಲೆ ಬೈಯುವುದನ್ನೂ ಬಿಟ್ಟ. ಟೈರು ಸವೆದವು. ವಿಮೆಯ ಕಂತು ಏರಿತು. ಕಮಲಾಪುರದ ಗ್ಯಾರೇಜಿನವನು ಬಾನೆಟ್ ಎತ್ತಿ ನೋಡಿ, "ಇದು ಕಂಪ್ಯೂಟರ್ ಹಚ್ಚಿ ನೋಡಬೇಕಣ್ಣಾ, ಸಿಟಿಗಿ ಒಯ್ಯಿ" ಎಂದು ಕೈತೊಳೆದುಕೊಂಡ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂದು ಹೆಂಡತಿ ಗುರುದೇವಿ ಅನ್ನತೊಡಗಿದಳು. ಕಡೆಗೊಂದು ದಿನ ರೇವಣ ಕಾರಿನ ಮೇಲೆ ತಾಡಪತ್ರಿ ಹೊದಿಸಿ, "ಬ್ಯಾಟರಿ ಡೌನ್ ಆಗ್ಯದಂತ ನಿಮ್ಮವ್ವಗ ಹೇಳು" ಎಂದ.

ಆರು ತಿಂಗಳಾದರೂ ಆ ಬ್ಯಾಟರಿ ಏಳಲಿಲ್ಲ. ಕಸ್ತೂರಿಬಾಯಿ ಬಸ್ಸಿನಲ್ಲಿ ಹೋದಳು, ಬಂದಳು. ಏನೂ ಕೇಳಲಿಲ್ಲ. ಅದಾದ ಮೇಲೆ, ಮೂರು ತಿಂಗಳ ಹಿಂದೆ, ಬಾಳೆಹಣ್ಣಿನ ದಲ್ಲಾಳಿ ಮಾಳಿಂಗರಾಯ ಸಾಲ ಮಾಡಿ ಗ್ಯಾಸಿನ ಮೇಲೆ ಓಡುವ ಹೊಸ ಕಾರು ತಂದ, ಅತ್ತೆಯ ರೊಟ್ಟಿ ಅದನ್ನೇರಿದವು. ಅರ್ಧ ಖರ್ಚಿನಲ್ಲಿ ಓಡುತ್ತದಂತೆ, ಸಪ್ಪಳವೇ ಇಲ್ಲವಂತೆ. ಓಣಿಯ ಬಾಯಲ್ಲಿ ಅದೇ ಮಾತು.

ರಾತ್ರಿಯೂಟಕ್ಕೆ ಕೂತಾಗ ರೇವಣ ತಾಟನ್ನು ಸರಿಸಿದ.

"ಅತ್ತಿನ್ನ ಮುಂದ ಕೂಡಿಸಿಕೊಂಡು ಊರ ತುಂಬ ಮೆರಸಾಕತ್ತಾನ. ರೀತಿ ರಿವಾಜ ಏನರೆ ಅದ ಏನ್ ಅವಗ?"

"ಕೂಡಿಸಿಕೊಂಡು ಹೊಂಟಾನಲ್ಲ, ಅದನ್ನ ನೋಡ್ರಿ," ಅಂದಳು ಗುರುದೇವಿ. "ನಿಮ್ಮದು ಮನಿ ಮುಂದ ಹೊದ್ದು ಮಲಗ್ಯದ. ಕೋಳಿ ಅದರ ಬುಡಕ ತತ್ತಿ ಇಡಾಕತ್ತ್ಯಾವ."

"ಅಂವ ಕರದ ಕೂಡಲೇ ನಿಮ್ಮವ್ವ ಹೋಗಿ ಮುಂದ ಕೂಡಬೇಕಾ?"

"ಅದನ್ನ ಅವ್ವನ್ನೇ ಕೇಳ್ರಿ. ನಾ ಹ್ಯಾಂಗ ಹೇಳ್ಲಿ?"

ಅತ್ತೆಯನ್ನೇ ಕೇಳುವುದು ಆಗದ ಹೋಗದ ಮಾತೆಂದು ಇಬ್ಬರಿಗೂ ಗೊತ್ತಿತ್ತು. ರೇವಣ ಎದ್ದು ಕೈತೊಳೆದ.

ಶನಿವಾರ ಬೆಳಿಗ್ಗೆ ಅವನು ತಾಡಪತ್ರಿ ಎಳೆದು ಹಾಕಿದ. ತಾಮ್ರದ ತಂತಿ ತೀರಿದೆ, ಗಂಜಿಗೆ ಹೋಗಬೇಕು ಎಂದ. ಅಂಗಡಿಯಲ್ಲಿ ಎರಡು ಸುರುಳಿ ತಂತಿ ಇರುವುದು ಗುರುದೇವಿಗೆ ಗೊತ್ತು. ವಾರಕ್ಕೊಮ್ಮೆ ರಾತ್ರಿ ಗುಟ್ಟಾಗಿ ಚಾಲೂ ಮಾಡಿ ನೋಡುತ್ತಿದ್ದ ಇಂಜಿನ್ನು ಕೀಲಿ ತಿರುವಿದ ಕೂಡಲೇ ಎದ್ದಿತು. ಹೊಸ್ತಿಲಲ್ಲಿ ನಿಂತಿದ್ದ ಅವಳು, "ಬ್ಯಾಟರಿ ಚಲೋ ಆಗ್ಯದಲ್ರಿ" ಎಂದಷ್ಟೇ ಹೇಳಿ ಒಳಗೆ ಹೋದಳು. ರೇವಣ ಪಂಪಿನಲ್ಲಿ ಸಾವಿರ ರೂಪಾಯಿಯ ಪೆಟ್ರೋಲ್ ಹಾಕಿಸಿದ. ಸಾವಿರ ಸುರಿದರೂ ಮುಳ್ಳು ಅರ್ಧಕ್ಕೂ ಏರಲಿಲ್ಲ. ಬಿಳಿ ಕಾರು ಆಗಲೇ ಹೋಗಿತ್ತು. ಷಡ್ಡಕ ಅತ್ತೆಯನ್ನು ಹೇಗೆ ಕರೆದೊಯ್ಯುತ್ತಾನೆಂದು ನೋಡುವುದಕ್ಕೆ ಬಿಟ್ಟರೆ ಬೇರೆ ಯಾವ ಕೆಲಸವೂ ಇಲ್ಲದೆ, ಅವನು ಸ್ವಂತ ದುಡ್ಡು ಸುಡುತ್ತ ಬೆನ್ನು ಹತ್ತಿದ.

ಮಹಾಗಾಂವ ಕ್ರಾಸ್ ದಾಟಿದರೂ ಅವರು ಕಾಣಲಿಲ್ಲ. ಕಂಡದ್ದು ಕಲಬುರಗಿಯ ಅಂಚಿನಲ್ಲಿ, ಗ್ಯಾಸಿನ ಪಂಪಿನ ಮುಂದೆ. ಆಟೋಗಳು, ಟ್ಯಾಕ್ಸಿಗಳು, ಕಾರುಗಳು ರಸ್ತೆಯವರೆಗೆ ಪಾಳಿ ಹಚ್ಚಿ ನಿಂತಿದ್ದವು. ಆ ಪಾಳಿಯ ಬಾಲದ ಹತ್ತಿರ ಬಿಳಿ ಕಾರು. ಕಮಲಾಪುರದಲ್ಲಿ ಗ್ಯಾಸಿನ ಪಂಪಿಲ್ಲ. ಕಾರಿನಲ್ಲಿ ಪೆಟ್ರೋಲಿನ ಟಾಕಿಯೂ ಇತ್ತು, ಆದರೆ ಮಾಳಿಂಗರಾಯ ಅದಕ್ಕೆ ವಾಸನೆಗೂ ಪೆಟ್ರೋಲ್ ತೋರಿಸಿದವನಲ್ಲ. ಅರ್ಧ ಖರ್ಚಿನ ಕಾರು ಅರ್ಧ ದಾರಿಗೆ ಸಿಕ್ಕಿಬಿದ್ದಿತ್ತು. ರೇವಣನಿಗೆ ಮೂರು ತಿಂಗಳಲ್ಲಿ ಮೊದಲ ಸಲ ಹಸಿವಾಯಿತು.

ಕಾರು ನಿಲ್ಲಿಸಿ, ಅವಸರವಿಲ್ಲದವನಂತೆ ನಡೆದುಹೋದ. ಮಾಳಿಂಗರಾಯ ಹೊರಗೆ ನಿಂತು ಬೆವರು ಒರೆಸಿಕೊಳ್ಳುತ್ತಿದ್ದ.

"ಏನೋ ತಮ್ಮಾ, ಇಲ್ಲೇ ನಿಂತಿದಿ?"

"ಗ್ಯಾಸಿನ ಗಾಡಿ ಈಗ ಬಂದದ ಅಂತಣ್ಣಾ. ಇನ್ನ ಎರಡ ತಾಸು ಬೇಕು." ಮಾಳಿಂಗರಾಯನ ಮುಖದಲ್ಲಿ ಒಂದಿಷ್ಟೂ ನಾಚಿಕೆ ಇರಲಿಲ್ಲ. "ಚಲೋ ಆತು ನೀವು ಬಂದಿದ್ದು. ಮೆಸ್ಸಿನ್ಯಾಗ ಹನ್ನೊಂದರೊಳಗ ಕೊಡಬೇಕು. ಹೋದ ವಾರ ತಡ ಆಗಿತ್ತು, ಇನ್ನೊಮ್ಮೆ ತಡ ಆದ್ರ ಬ್ಯಾರೇದವ್ರ ಕಡೆ ತಗೋತೀವಿ ಅಂದಾರಂತ. ನಿಮ್ಮ ಗಾಡಿನೇ ಚಲೋ ನೋಡ್ರಿ, ಎಲ್ಲಿ ಬೇಕಲ್ಲಿ ಎಣ್ಣಿ ಸಿಗ್ತದ."

ಹೇಳುತ್ತಲೇ ರೊಟ್ಟಿಯ ಕಟ್ಟುಗಳನ್ನು ಎತ್ತಿ ರೇವಣನ ಕಾರಿಗೆ ಸಾಗಿಸತೊಡಗಿದ. ಷಡ್ಡಕನ ಮುಖ ಬಾಡುವುದನ್ನು ನೋಡಲು ಮೂವತ್ತೈದು ಕಿಲೋಮೀಟರ್ ಬಂದವನಿಗೆ ಅದೊಂದು ನಿರಾಸೆ. ಆದರೇನು, ಅತ್ತೆ ಇಳಿದಳು. ರೇವಣನನ್ನು ಕಂಡದ್ದೇ ಸೆರಗು ಹಣೆಯವರೆಗೆ ಬಂತು. ಅವನು ಮುಂದಿನ ಬಾಗಿಲು ತೆರೆದ. ಅವಳು ಅದನ್ನು ಕಾಣದವಳಂತೆ ಹಿಂದೆ ಹೋಗಿ, ಕಟ್ಟುಗಳನ್ನು ಒತ್ತರಿಸಿ, ಎಡಮೂಲೆಯಲ್ಲಿ ಮುದುರಿ ಕೂತಳು. ತೆರೆದ ಬಾಗಿಲನ್ನು ರೇವಣ ತಾನೇ ಮುಚ್ಚಬೇಕಾಯಿತು.

ಜೇವರ್ಗಿ ಕಾಲೋನಿ ಮುಟ್ಟಿದಾಗ ಹನ್ನೊಂದಕ್ಕೆ ಹತ್ತು ನಿಮಿಷವಿತ್ತು. ಮೆಸ್ಸಿಗೆ ಹೊಸದಾಗಿ ಬಂದಿದ್ದ ಶೀಲಾ ರೊಟ್ಟಿ ಎಣಿಸಿಕೊಳ್ಳುತ್ತ ರೇವಣನತ್ತ ನೋಡಿದಳು.

"ಡ್ರೈವರ್ ಬದಲ್ ಆದ್ರೇನ್ರಿ ಬಾಯಾರ?"

"ಡ್ರೈವರ್ ಅಲ್ರೀ. ನಮ್ಮ ಹಿರೇ ಅಳಿಯಂದಿರು," ಎಂದಳು ಕಸ್ತೂರಿಬಾಯಿ.

ರೇವಣನ ಎದೆ ಉಬ್ಬಿತು.

"ಮತ್ತ ದಿನಾ ಬರೋರು?"

"ಅವರೂ ಅಳಿಯಂದಿರೇ. ಆದ್ರ ಅವರದು ಬಾಡಿಗಿ ಗಾಡಿ."

ನೆಹರು ಗಂಜಿನ ಎರಡು ಅಂಗಡಿ ಮುಗಿಯುವವರೆಗೆ ರೇವಣ ಆ ಒಂದು ಮಾತನ್ನೇ ಬಾಯಲ್ಲಿಟ್ಟುಕೊಂಡು ಚಪ್ಪರಿಸಿದ. ಅತ್ತೆಯ ಹತ್ತಿರ ಬಾಡಿಗೆ! ಥೂ, ಮರ್ಯಾದೆಗೆಟ್ಟವನು. ಇವತ್ತೇ ಓಣಿಗೆಲ್ಲ ತಿಳಿಯಬೇಕು. ತಿರುಗಿ ಹೊರಟಾಗ ತಡೆಯಲಾರದೆ, ಕನ್ನಡಿಯಲ್ಲಿ ಅವಳನ್ನು ನೋಡುತ್ತ ಕೇಳಿಯೇಬಿಟ್ಟ.

"ಮಾಳಿಂಗರಾಯ ನಿಮ್ಮ ಕಡೆ ರೊಕ್ಕ ತಗೋತಾನೇನ್ರಿ?"

ಕಸ್ತೂರಿಬಾಯಿ ಕಿಟಕಿಯತ್ತ ತಿರುಗಿದಳು. ಆಮೇಲೆ ಏನನ್ನಿಸಿತೋ, ಕಿಟಕಿಯನ್ನು ಬಿಟ್ಟು ನೇರ ಅವನಿಗೇ ಹೇಳಿದಳು.

"ಹೂಂ. ಒಂದ ಖೇಪಿಗಿ, ಹೋಗಿ ಬರಾಕ, ಐನೂರು. ಕೊಡ್ತೀನಿ, ಅದಕ್ಕ ಕರೀತೀನಿ. ತಡ ಆದ್ರ ಬೈತೀನಿ. ರೊಕ್ಕ ಕೊಟ್ಟ ಗಾಡ್ಯಾಗ ಮುಂದ ಕೂಡಾಕ ಯಾತರ ಸಂಕೋಚ?"

"ನಾ ಒಂದ ರೂಪಾಯಿ ಮುಟ್ಟಿಲ್ರಿ. ಆರು ವರ್ಷ."

"ಮುಟ್ಟಿಲ್ಲ. ಅದಕ್ಕೇ ನನಗ ಕರಿಯಾಕ ಬಾಯಿ ಬರಲಿಲ್ಲ." ಅವಳ ದನಿ ಏರಲಿಲ್ಲ. "ಬ್ಯಾಟರಿ ಅಂದ್ರಿ. ಎಣ್ಣಿದು ತ್ರಾಸ ಆಗ್ಯದಂತ ನನಗ ತಿಳೀತು. ನಾ ಕೇಳಂಗಿಲ್ಲ, ನೀವು ಹೇಳಂಗಿಲ್ಲ. ಆರು ತಿಂಗಳು ಬಸ್ಸಿನ್ಯಾಗ ನನ್ನ ರೊಟ್ಟಿ ಪುಡಿ ಆದವು. ಬಡದ ಹೆಣ್ಮಕ್ಕಳ ಕೂಲಿ ಮಾತ್ರ ನಾ ಪೂರಾ ಕೊಟ್ಟೀನಿ."

ರೇವಣ ಮುಂದಿನ ಲಾರಿಯನ್ನು ದಾಟುವುದನ್ನು ಮರೆತು ಅದರ ಹೊಗೆಯಲ್ಲೇ ಬಹಳ ದೂರ ಹೋದ. ಅವನಿಗೆ ನಾಚಿಕೆಯಾಯಿತು, ಖರೆ. ಆದರೆ ಹೊಟ್ಟೆಕಿಚ್ಚು ಎನ್ನುವುದು ನಾಚಿಕೆಯ ನೀರಿಗೆ ಆರುವಂಥದಲ್ಲ. ಅವನ ತಲೆ ತುಂಬ ಈಗ ಒಂದೇ: ಮಂಗಳವಾರ ಬೆಳಿಗ್ಗೆ ಬಿಳಿ ಕಾರು ಮತ್ತೆ ಅಂಗಡಿಯ ಮುಂದೆ ಹಾದುಹೋಗುತ್ತದೆ, ಇವಳು ಮತ್ತೆ ಅವನ ಮಗ್ಗುಲಿಗೆ ಕೂತು ಕೈಯಾಡಿಸುತ್ತಾಳೆ.

"ಇನ್ನ ಮ್ಯಾಲ ನಾನೂ ತಗೋತೀನ್ರಿ," ಎಂದ.

"ನಿಮ್ಮ ಗಾಡಿಗಿ ಎಣ್ಣೀನೇ ಎಷ್ಟ ಹಿಡೀತದ?"

ಏಳುನೂರೈವತ್ತಕ್ಕೆ ಕಡಿಮೆಯಿಲ್ಲ ಎನ್ನುವುದು ಅವನಿಗೆ ಬಾಯಿಪಾಠ. "ನನಗ ನಾಕ್ನೂರೈವತ್ತ ಕೊಡ್ರಿ ಸಾಕು," ಎಂದ.

ಗಂಜಿನ ಅಂಗಡಿಯವರ ಜೊತೆ ಮೂವತ್ತು ವರ್ಷ ಕುಸ್ತಿ ಹಿಡಿದ ಹೆಂಗಸು ಅವಳು.

"ಬಗೀಹರೀತದೇನ್ರಿ ಅಷ್ಟ್ರಾಗ?"

"ಹರೀತದ್ರಿ. ಗಾಡಿ ಈಗ ಚಲೋ ಆವರೇಜ್ ಕೊಡಾಕತ್ಯದ."

"ಖರೆ ಹೇಳ್ರಿ."

"ಖರೇನೇ ರೀ."

ಕನ್ನಡಿಯಲ್ಲಿ ಅತ್ತೆಯ ಕಣ್ಣು ಅವನ ಕಣ್ಣಿಗೆ ಸಿಕ್ಕಿತು. ಹದಿನೆಂಟು ವರ್ಷದ ಅಳಿಯತನದಲ್ಲಿ ಅದೇ ಮೊದಲು. ಆ ಕಣ್ಣು ಅವನ ಬಾಯಿಂದ ಖರೆ ಲೆಕ್ಕ ಬರುವುದನ್ನು ಕಾಯುತ್ತಿತ್ತು. ರೇವಣ ನೋಟ ತಪ್ಪಿಸಿ ರಸ್ತೆಯನ್ನು ನೋಡಿದ.

"ಹಂಗಾದ್ರ ನಾಕ್ನೂರಿಗಿ ಮುಗಸ್ರಿ," ಎಂದಳು ಕಸ್ತೂರಿಬಾಯಿ, ಒಂದೊಂದೇ ಅಕ್ಷರ ಬಿಡಿಸಿ.

"ಆತ್ರಿ."

ಅವಳು ದೊಡ್ಡದಾಗಿ ಉಸಿರು ಬಿಟ್ಟಳು. ಸೊಂಟದ ಸಂಚಿ ಬಿಚ್ಚಿ ಎರಡು ಇನ್ನೂರರ ನೋಟು ತೆಗೆದಳು. ಅವನ ಕೈಗೆ ಕೊಡುವ ರೂಢಿಯಿಲ್ಲದ್ದರಿಂದ, ಸೀಟುಗಳ ನಡುವಿನಿಂದ ಕೈ ಚಾಚಿ, ಖಾಲಿಯಿದ್ದ ಮುಂದಿನ ಸೀಟಿನ ಮೇಲೆ ಇಟ್ಟಳು. "ಮಂಗಳವಾರ ಒಂಬತ್ತಕ್ಕ ಬರ್ರಿ," ಎಂದು ಕಿಟಕಿಗೆ ಹೇಳಿ, ಕಣ್ಣು ಮುಚ್ಚಿ ಒರಗಿದಳು.

ಕಮಲಾಪುರದ ಹತ್ತಿರ ಕೆಂಪು ಮಣ್ಣಿನ ದಿಬ್ಬ ಇಳಿಯುವಲ್ಲಿ ರೇವಣ ಪೆಟ್ರೋಲ್ ಉಳಿಯಲೆಂದು ಗೇರು ತೆಗೆದು ನ್ಯೂಟ್ರಲ್ಲಿಗೆ ಹಾಕಿದ. ಇಂಜಿನ್ನಿನ ಸದ್ದು ತಗ್ಗಿತು. ಕಾರು ತನ್ನ ಭಾರಕ್ಕೆ ತಾನೇ ಉರುಳತೊಡಗಿತು. ತೆರೆದ ಕಿಟಕಿಯಿಂದ ಬಿಸಿಗಾಳಿ ನುಗ್ಗಿ ಸೀಟಿನ ಮೇಲಿನ ನೋಟುಗಳು ಅಲ್ಲಾಡಿದವು. ಗೇರು ಹಿಡಿಯುವ ಕೆಲಸವಿಲ್ಲದ ಎಡಗೈಯನ್ನು ಅವನು ಅವುಗಳ ಮೇಲೆ ಒತ್ತಿ ಹಿಡಿದ. ಹಾಗೇ ಹಿಡಿದುಕೊಂಡು, ಇಳಿಜಾರು ಮುಗಿಯುವವರೆಗೆ ಒಂದೇ ಕೈಯಲ್ಲಿ ನಡೆಸಿದ.