ತೋಳಿನೊಳಗಿನ ಇಲಿಮರಿ

ಪ್ಲಾಸ್ಟರ್ ಬಿಚ್ಚಿದ ದಿನ ದಾಲ್ಸು ತನ್ನ ಬಲತೋಳನ್ನು ನೋಡಿ ಮುಖ ತಿರುಗಿಸಿಕೊಂಡ. ಟೋಂಗ್‌ಯಂಗ್ ಬಂದರಿನಲ್ಲಿ ನಲವತ್ತು ವರ್ಷ ದೋಣಿ ಎಂಜಿನ್ ರಿಪೇರಿ ಮಾಡಿದ ತೋಳು ಈರುಳ್ಳಿ ದಂಟಿನ ಹಾಗಾಗಿತ್ತು. ಡಾಕ್ಟರು ಹೇಳಿದ ವ್ಯಾಯಾಮ ಅವನು ಮಾಡಲಿಲ್ಲ. ಹೆಂಡತಿ ಓಕ್‌ಬುನ್ ಗದರಿದಳು, ಗೋಗರೆದಳು, ಒಂದು ದಿನ ಮಾತೂ ಬಿಟ್ಟಳು. ಅವನು ಟೀವಿ ಮುಂದಿನಿಂದ ಏಳಲಿಲ್ಲ.

ಓಕ್‌ಬುನ್‌ಗೆ ಎಪ್ಪತ್ತೊಂದು. ಬೆಳಿಗ್ಗೆ ಸಮುದ್ರದ ಸಿಂಪಿಯ ಚಿಪ್ಪು ಬಿಡಿಸುವ ಕೆಲಸ. ಮಂಗಳವಾರ ಮಧ್ಯಾಹ್ನ ಹಿರಿಯರ ಕೇಂದ್ರದಲ್ಲಿ ಇಂಗ್ಲಿಷ್ ಪಾಠ. ಆ ವಾರ ‘ಮಸಲ್’, ಅಂದರೆ ಸ್ನಾಯು, ಎಂಬ ಪದ ಬಂತು. ನಡುವೆ ಬರೆಯುವ ‘ಸಿ’ ಅಕ್ಷರ ಕಿವಿಗೆ ಕೇಳುವುದೇ ಇಲ್ಲವೆಂದು ಅವಳಿಗೆ ಸಿಟ್ಟು.

“ಬಾಯಿಗೆ ಬರದಿದ್ದನ್ನ ಯಾಕೆ ಬರೀಬೇಕು ಟೀಚರಮ್ಮ?”

ಟೀಚರ್ ಹಾಯಂಗ್ ನಕ್ಕಳು. “ಅದು ಹಳೇ ಮನೆತನದ ಗುರುತು, ಅಜ್ಜಿ. ಲ್ಯಾಟಿನ್‌ನಲ್ಲಿ ‘ಮುಸ್ಕುಲುಸ್’ ಅಂತಿದ್ರು. ಅಂದ್ರೆ ಇಲಿಮರಿ. ತೋಳು ಮಡಚಿದ್ರೆ ಚರ್ಮದ ಕೆಳಗೆ ಇಲಿ ಓಡಿದ ಹಾಗೆ ಕಾಣುತ್ತಲ್ಲ, ಅದಕ್ಕೇ. ಆಮೇಲೆ ಫ್ರೆಂಚರ ಬಾಯಿಂದ ಇಂಗ್ಲಿಷಿಗೆ ಬಂತು.”

ಎಲ್ಲರೂ ತೋಳು ಮಡಚಿ ನೋಡಿಕೊಂಡರು.

“ಮೀನಖಂಡ ಹಿಡ್ಕೊಂಡಾಗ ನಮ್ಮ ಭಾಷೇಲೂ ‘ಇಲಿ ಬಂತು’ ಅಂತೀವಲ್ಲ! ಅವರೂ ನಮ್ಮಂಗೇ ಬಿಡಿ,” ಎಂದಳು ಓಕ್‌ಬುನ್.

ಮನೆಗೆ ಬಂದವಳೇ ಗಂಡನ ಅಂಗಿಯ ತೋಳು ಮೇಲೇರಿಸಿದಳು.

“ಇಲಿ ಎಲ್ರೀ?”

“ಎಂಥ ಇಲಿನೇ?”

ಅವಳು ಪಾಠವನ್ನೆಲ್ಲ ಒಪ್ಪಿಸಿದಳು.

“ನಂದು ಸತ್ತೋಗಿದೆ ಬಿಡು.”

“ಸತ್ತಿಲ್ಲ, ಹೆದರಿ ಬಿಲ ಸೇರಿದೆ. ಸ್ವಲ್ಪ ಎತ್ತಿ, ನೋಡೋಣ.”

ಕಾಟ ತಪ್ಪಿದರೆ ಸಾಕೆಂದು ದಾಲ್ಸು ಸೋಯಾ ಸಾಸಿನ ಬಾಟಲಿ ಎತ್ತಿದ. ಚರ್ಮದಡಿ ಏನೋ ಮಿಸುಕಿತು. “ಮಿಯಾಂವ್!” ಎಂದಳು ಓಕ್‌ಬುನ್. ಎರಡು ತಿಂಗಳಿಂದ ನಗದವನು ಬಾಟಲಿ ಜಾರುವಷ್ಟು ನಕ್ಕ.

ಅಂದಿನಿಂದ ದಿನಾ ಸಂಜೆ, ಊಟಕ್ಕೆ ಮುಂಚೆ, ಇದೇ ಆಟ. ಬರಬರುತ್ತಾ ಅವನೇ ಕರೆಯತೊಡಗಿದ. ಒಮ್ಮೆ ನಡುವೆಯೇ ಕಾಲು ಸೆಟೆದುಕೊಂಡು ಚೀರಿದ. ಅವಳು ಬೆರಳಿಗೆ ಎಂಜಲು ಹಚ್ಚಿ, ಸೆಟೆತ ಬಿಡಲೆಂದು ಇಲ್ಲಿನ ಅಜ್ಜಿಯರೆಲ್ಲ ಮಕ್ಕಳಿಗೆ ಮಾಡುವ ಹಾಗೆ, ಅವನ ಮೂಗಿಗೆ ಸವರಿದಳು.

“ಥೂ, ಮಗೂನೇನೇ ನಾನು!”

“ಇನ್ನೇನು ಮತ್ತೆ?”

ವಸಂತ ಬರುವ ಹೊತ್ತಿಗೆ ತೋಳು ತುಂಬಿಕೊಂಡಿತು. ಒಂದು ಮಂಗಳವಾರ ಅವಳು ಚೀಲ ಹೆಗಲಿಗೇರಿಸುವಾಗ ದಾಲ್ಸು ಚಪ್ಪಲಿ ಮೆಟ್ಟಿ ನಿಂತಿದ್ದ.

“ನಾನೂ ಬರ್ಲಾ? ಮನೇಲಿ ಕೂತು ಏನ್ ಮಾಡ್ಲಿ?”

“ಬನ್ನಿ. ನನ್ನ ಪಕ್ಕ ಮಾತ್ರ ಕೂರ್ಬೇಡಿ, ಕಾಪಿ ಹೊಡೀತೀರಾ.”

ಅವನು ಪಕ್ಕದಲ್ಲೇ ಕೂತ. ಪೆನ್ಸಿಲ್ ಹಿಡಿದು, ನಾಲಿಗೆ ಕಚ್ಚಿ, ಮೊದಲ ಬಾರಿ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಬರೆದ. ಒಂದು ಅಕ್ಷರ ಬಿಟ್ಟುಹೋಗಿತ್ತು. ಓಕ್‌ಬುನ್ ಅದನ್ನು ಸೇರಿಸಿ ಹಾಳೆಯನ್ನು ಅವನತ್ತ ತಳ್ಳಿದಳು.